ಹಳೆ ಲೆನ್ಸು ಹಾಕಿದ ಮಧ್ಯಾಹ್ನ

ಕಟ್ಟುಕತೆ ಹೇಳುವ ಪುರುಸೊತ್ತು ನನಗಿಲ್ಲ, ನಡೆದದ್ದನ್ನೇ ಬರೆಯುತ್ತೇನೆ. ಹೆಂಡತಿ ತೀರಿಹೋದ ಮೇಲೆ ಫೋಟೋ ತೆಗೆಯುವುದೇ ಬೇಸರವಾಗಿ, ಸ್ಟುಡಿಯೋ ಮುಚ್ಚುತ್ತೇನೆಂದು ಹಟ ಹಿಡಿದಿದ್ದೆ. ಮಗಳು ಎಲ್ಲಿಂದಲೋ ಹಳೆ ಪ್ರೊಜೆಕ್ಟರಿನ ಲೆನ್ಸು ತಂದು ಕ್ಯಾಮೆರಾಕ್ಕೆ ಸಿಕ್ಕಿಸಿದಳು.

“ಇದ್ರಲ್ಲಿ ನಡುವೆ ಮಾತ್ರ ಸ್ಪಷ್ಟ, ಸುತ್ತ ಎಲ್ಲಾ ಸುಳಿ ಸುಳಿ. ಒಂದ್ಸಲ ನನ್ನ ಫೋಟೋ ತೆಗಿ. ಆಮೇಲೆ ಬೇಕಾದ್ರೆ ಬೀಗ ಹಾಕು.”

ಅವಳನ್ನು ಸ್ಟೂಲಿನ ಮೇಲೆ ಕೂರಿಸಿದೆ. ಲೆನ್ಸನ್ನು ಎಷ್ಟು ತಿರುಗಿಸಿದರೂ ಮುಖ ಮಸುಕು. ಅವಳಿಂದ ಒಂದು ಗೇಣು ಈಚೆ, ಬೆಳಕಿನಲ್ಲಿದ್ದ ಧೂಳು ಮಾತ್ರ ಸ್ಪಷ್ಟವಾಗಿತ್ತು. ಅದು ಕದಲುತ್ತಲೂ ಇರಲಿಲ್ಲ.

ನನಗೆ ರೇಗಿತು. “ಕತ್ತೆ, ಅಲ್ಲಾಡ್ಬೇಡ.”

“ಕೂದಲು ತೀಡ್ತಾ ಇರೋನು ನೀನು, ಬೈಗುಳ ನನಗಾ?” ಲೈಟಿಗೆ ಕಣ್ಣು ಮುಚ್ಚಿಕೊಂಡೇ ನಕ್ಕಳು. “ನಿನ್ ಕೈ ಇವತ್ತು ಎಷ್ಟು ಮೆತ್ತಗಿದೆ ಅಪ್ಪ.”

ನಾನಿದ್ದದ್ದು ಹತ್ತು ಹೆಜ್ಜೆ ಆಚೆ, ಕ್ಯಾಮೆರಾದ ಹಿಂದೆ.

ಬೆರಳು ಒದ್ದೆ ಮಾಡಿಕೊಂಡು ಫೋಟೋಕ್ಕೆ ಕೂತವರ ಕೂದಲು ತೀಡುವುದು ನನ್ನ ಹೆಂಡತಿಯ ಕೆಲಸವಾಗಿತ್ತು. ಅಡ್ಡ ಬರ್ಬೇಡ ಎಂದು ಇಪ್ಪತ್ತು ವರ್ಷ ಗದರಿದ್ದೇನೆ. ಅವತ್ತು ಗದರಲಿಲ್ಲ.

“ನಿಧಾನಕ್ಕೆ ಮಾಡು, ಅವಸರ ಏನಿಲ್ಲ,” ಎಂದೆ.

ಲೆನ್ಸಿನಿಂದ ಕೈ ತೆಗೆದಿದ್ದೆ. ಮಗಳ ಮುಖ ತಾನಾಗಿ ಸ್ಪಷ್ಟವಾಯಿತು. ಕ್ಲಿಕ್ ಮಾಡಿದೆ. ಅಂಥ ಫೋಟೋ ನಾನು ಹಿಂದೆಂದೂ ತೆಗೆದಿರಲಿಲ್ಲ.

ಸ್ಟುಡಿಯೋ ಮುಚ್ಚಲಿಲ್ಲ. ಅವಳು ಎದ್ದಾಗ ಕಿವಿಯ ಹಿಂದಿನ ಕೂದಲು ಮುಟ್ಟಿ ನೋಡಿದೆ. ಒದ್ದೆಯಾಗಿತ್ತು. ಬೆಳಗಿನಿಂದ ನಮ್ಮ ನಲ್ಲಿಯಲ್ಲಿ ಒಂದು ಹನಿ ನೀರೂ ಬಂದಿರಲಿಲ್ಲ.