ಜಾಹೀರಾತಿನ ಆ ಮೂರು ಸೆಕೆಂಡು

ನಂಬಿದ್ರೆ ನಂಬಿ, ಇದು ಮೊನ್ನೆ ಮಟಮಟ ಮಧ್ಯಾಹ್ನ ನಡೆದದ್ದು. ಹಳೇ ಟಿವಿ ಜಾಹೀರಾತು ಅಂದ್ರೆ ನಂಗೆ ಪ್ರಾಣ. ಮಾವ ಮೂವತ್ತು ವರ್ಷದ ಹಿಂದೆ ರೆಕಾರ್ಡ್ ಮಾಡಿಟ್ಟಿದ್ದ ವಿಡಿಯೋ ಕ್ಯಾಸೆಟ್ಟನ್ನ ಟಿವಿಲಿ ಹಾಕ್ಕೊಂಡು, ಹಾಗೇ ಕಂಪ್ಯೂಟರಿಗೂ ಇಳಿಸ್ತಾ ಕೂತಿದ್ದೆ. ಪಕ್ಕದಲ್ಲಿ ಅಕ್ಕ, ಅವಳ ಮಡಿಲಲ್ಲಿ ಏಳು ತಿಂಗಳ ಪಾಪು.

ಕೆಮ್ಮಿನ ಸಿರಪ್ಪಿನ ಜಾಹೀರಾತು ಬಂತು. ಒಬ್ಬ ಹೆಂಗಸು ನೆಟ್ಟಗೆ ನಮ್ಮನ್ನೇ ನೋಡಿ, "ನಿಮ್ಮ ಪಾಪು ಕೆಮ್ಮುತ್ತಾ?" ಅಂತ ಕೇಳಿ ಮೂರು ಸೆಕೆಂಡು ಸುಮ್ಮನಾಗ್ತಾಳೆ.

"ಇದೇ ನೋಡೇ ಅವರ ಚಾಲಾಕಿ! ಆ ಗ್ಯಾಪಲ್ಲಿ ಅಮ್ಮಂದಿರು ತಾವಾಗೇ ಹೆದರ್ಕೋಬೇಕು. ಆಮೇಲೆ ಬಾಟ್ಲಿ ತೋರಿಸ್ತಾಳೆ," ಅಂದೆ.

ಅಕ್ಕ ನಕ್ಕು ಟಿವಿಗೇ ಉತ್ತರ ಕೊಟ್ಲು: "ಹೋಗಮ್ಮ, ನಮ್ಮ ಪಾಪು ಗುಂಡುಕಲ್ಲು!"

ಆ ಹೆಂಗಸು ಬಾಟ್ಲಿ ಎತ್ತಲಿಲ್ಲ. ಅಕ್ಕನ ಮಾತು ಮುಗಿಯೋವರೆಗೂ ಕಾದು, ತಲೆ ತಗ್ಗಿಸಿ ಅವಳ ಮಡಿಲು ನೋಡಿದ್ಲು. ಕೋಣೆ ತುಂಬಾ ಸಿಹಿ ಸಿರಪ್ಪಿನ ವಾಸನೆ. ಪಾಪು ಒಂದೇ ಒಂದು ಸಲ ಕೆಮ್ಮಿತು.

"ಆಫ್ ಮಾಡೋ!" ಅಂತ ಅಕ್ಕ ಕಿರುಚಿದ್ಲು. ವೈರ್ ಕಿತ್ತು ಬಿಸಾಕಿದೆ.

ಎದೆ, ಗಂಟಲು ಎಲ್ಲಾ ಸರಿಯಿದೆ ಅಂದ್ರು ಡಾಕ್ಟರು. ಪಾಪು ಮತ್ತೆ ಕೆಮ್ಮಿಲ್ಲ. ಆದ್ರೆ ಅವತ್ತಿಂದ ಎಷ್ಟೇ ಅತ್ರೂ ದನಿ ಹೊರಡ್ತಿಲ್ಲ, ಬರೀ ಬಾಯಿ ತೆರೆಯುತ್ತೆ.

ಕಂಪ್ಯೂಟರಿಗೆ ಇಳಿಸಿದ್ದು ವೈರಲ್ಲಿ, ಮೈಕೇ ಇರಲಿಲ್ಲ; ನಮ್ಮ ಕೋಣೆ ಸದ್ದು ಅದರೊಳಗೆ ಹೋಗೋಕೇ ಆಗಲ್ಲ. ಆದ್ರೂ ಆ ಮೂರು ಸೆಕೆಂಡಲ್ಲಿ ಒಂದು ಪಾಪು ಅಳ್ತಿದೆ. ಆ ಫೈಲನ್ನೇ ಅಳಿಸಿಬಿಡ್ತೀನಿ ಅಂದ್ರೆ ಅಕ್ಕ ನನ್ನ ಕೈ ಹಿಡ್ಕೋತಾಳೆ.

"ಬೇಡ ಕಣೋ. ದಿನಕ್ಕೊಂದ್ಸಲ ಹಾಕು. ನನ್ನ ಮಗು ದನಿ ಕೇಳ್ಬೇಕು."