ಅವನು ಹಾಕದ ವೋಟು

"ಒಂದು ನಿಮಿಷ. ನೀವು ಈಗ ಹೇಳಿದ್ರಲ್ಲಿ ಒಂದು ಮಾತು ಸುಳ್ಳು."

ಮಾರೆನ್ ತಟ್ಟನೆ ತಲೆ ಎತ್ತಿದಳು.

ಮೇಜಿನ ಆಚೆ ಕಪ್ಪು ಸೂಟು ತೊಟ್ಟು ಕೂತಿದ್ದ ಆ ಉದ್ದನೆಯ ಹುಡುಗ ದನಿ ಎತ್ತರಿಸಿರಲಿಲ್ಲ. ಕಣ್ಣು ಮಾತ್ರ ಅವಳ ಮುಖ ಬಿಟ್ಟು ಕದಲಲಿಲ್ಲ.

ಅಮೆರಿಕದ ಮಿನೆಸೋಟಾ ರಾಜ್ಯದ ಆ ವಿಶ್ವವಿದ್ಯಾಲಯದಲ್ಲಿ ವಕೀಲರಾಗುವ ಕನಸಿದ್ದವರೆಲ್ಲ ಸೇರಬಯಸುತ್ತಿದ್ದ ವಿದ್ಯಾರ್ಥಿ ಬಳಗ, ಗ್ರೀಕ್ ಅಕ್ಷರಗಳ ಹೆಸರಿನ ಲ್ಯಾಂಬ್ಡಾ ರೋ ಸೈ. ಹುಡುಗರೂ ಹುಡುಗಿಯರೂ ಒಟ್ಟಿಗೇ ಇದ್ದ ಬಳಗ. ಅಂದು ಸೇರಬಯಸುವವರ ಸಂದರ್ಶನ. ಅಧ್ಯಕ್ಷೆ ಬೆಟ್ಟಿನಾ ನಗುನಗುತ್ತಾ ಪ್ರಶ್ನೆ ಕೇಳುತ್ತಿದ್ದಳು. ಅವಳ ಪಕ್ಕದಲ್ಲಿದ್ದವನೇ ಈ ಡೆಸ್ಮಂಡ್ ಟಾಲಿವರ್.

"ಯಾವ ಮಾತು?" ಮಾರೆನ್ ಕೇಳಿದಳು.

"ಒಬ್ಬಳೇ ಮಗಳು ಅಂದ್ರಿ. ಆಮೇಲೆ, ಚಿಕ್ಕವರಿದ್ದಾಗ 'ನಾವಿಬ್ಬರೂ' ಹೆಪ್ಪುಗಟ್ಟಿದ ಕೆರೆ ಮೇಲೆ ಮೀನು ಹಿಡೀತಿದ್ವಿ, ಅಮ್ಮನ ಹತ್ರ ಬೈಸ್ಕೋತಿದ್ವಿ ಅಂದ್ರಿ. ಇನ್ನೊಬ್ಬರು ಯಾರು?"

"ಅದು... ಪಕ್ಕದ ಮನೆ ಹುಡುಗ!"

"ಪಕ್ಕದ ಮನೆ ಹುಡುಗನಿಗೂ ನಿಮ್ಮಮ್ಮನೇ ಬೈತಿದ್ರಾ?"

ಬೆಟ್ಟಿನಾ ನಕ್ಕುಬಿಟ್ಟಳು. "ಸಾಕು ಬಿಡೋ ಡೆಸ್ಮಂಡ್! ಇದೇನು ಕೋರ್ಟಾ?"

ಮಾರೆನ್ ಹೊರಗೆ ಬಂದಳು. ಇವನಿಗೆ ಏನಾದರೂ ಗೊತ್ತಿದೆಯಾ? ಇಲ್ಲ... ಹೇಗೆ ಗೊತ್ತಿರಲು ಸಾಧ್ಯ!

ಆದರೂ ಅವಳು ಆಯ್ಕೆಯಾದಳು. ಹೊಸದಾಗಿ ಸೇರಿ ಇನ್ನೂ ಪೂರ್ಣ ಸದಸ್ಯರಾಗದವರಿಗೆ ಕೊಡುವ ಪುಟ್ಟ ಬಿಲ್ಲೆಯನ್ನು ಬೆಟ್ಟಿನಾ ಅವಳ ಕೋಟಿಗೆ ಚುಚ್ಚಿದಳು. ಡುಲೂತ್ ಊರಿನ ಬಂದರಿನಲ್ಲಿ ಕ್ಯಾಂಟೀನು ನಡೆಸುವವಳ ಮಗಳು, ಮೊದಲ ಸಲ ತನಗೂ ಒಂದು ಬಳಗ ಇದೆ ಅಂದುಕೊಂಡಳು. ಊಟದ ಮೇಜಿನಲ್ಲಿ ಅವಳಿಗಾಗಿ ಒಂದು ಕುರ್ಚಿ ಹಿಡಿದಿಡುತ್ತಿದ್ದರು. ಅದು ಅವಳಿಗೆ ಎಷ್ಟು ದೊಡ್ಡದು ಅಂತ ಅವರಿಗೆ ತಿಳಿದಿರಲೇ ಇಲ್ಲ.

ಆದರೆ ಆ ಕಣ್ಣುಗಳು...

ಅಣಕು ನ್ಯಾಯಾಲಯದ ಅಭ್ಯಾಸಕ್ಕೆ ಅವಳಿಗೆ ಸಿಕ್ಕ ಗುರು ಡೆಸ್ಮಂಡನೇ!

"ಬೇಕಂತಲೇ ನನ್ನ ತಗೊಂಡ್ಯಾ?" ಮೊದಲ ದಿನವೇ ಕೇಳಿದಳು.

"ಹೌದು."

"ಯಾಕೆ? ಸುಳ್ಳುಗಾತಿ ಅಂತ ಕಣ್ಣಿಡೋಕಾ?"

"ಇಲ್ಲ. ಸುಳ್ಳು ಸಿಕ್ಕಿಬಿದ್ರೂ ಕುರ್ಚಿ ಬಿಟ್ಟು ಏಳ್ಲಿಲ್ಲ ನೀನು. ಅಂಥವರು ಒಳ್ಳೆ ವಕೀಲರಾಗ್ತಾರೆ."

ಹೊಗಳಿದನೋ ಚುಚ್ಚಿದನೋ... ಅವಳಿಗೆ ಬಗೆಹರಿಯಲಿಲ್ಲ.

ಅವನು ಕಾಫಿ ತಂದುಕೊಟ್ಟರೆ ತನ್ನ ಬಾಯಿ ಬಿಡಿಸಲೆಂದೇ ಅನ್ನಿಸುತ್ತಿತ್ತು. ಊರಿನ ಬಗ್ಗೆ ಕೇಳಿದರೆ ಬಲೆ ಬೀಸುತ್ತಿದ್ದಾನೆ ಅನ್ನಿಸುತ್ತಿತ್ತು. ಅವನು ಕೇಳದೇ ಇದ್ದ ದಿನ ಮಾತ್ರ, ಯಾಕೆ ಕೇಳಲಿಲ್ಲ ಎಂದು ಅವಳ ಮನಸ್ಸೇ ಮುನಿಸಿಕೊಳ್ಳುತ್ತಿತ್ತು. ಎಂಥಾ ಹುಚ್ಚು!

ಮೇಪಲ್ ಮರದ ಎಲೆಗಳೆಲ್ಲ ಉದುರಿದ ಮೇಲೆ ಒಂದು ಮಧ್ಯಾಹ್ನ, ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ಅವಳು ತಾನಾಗಿಯೇ ಹೇಳಿಬಿಟ್ಟಳು.

"ನಂಗೊಬ್ಬ ಅಣ್ಣ ಇದ್ದಾನೆ. ಗುನ್ನಾರ್. ಅವನ ಗೆಳೆಯರು ಒಂದು ಅಂಗಡಿ ದೋಚಿದ್ರು. ಇವನು ಹೊರಗಡೆ ಕಾರಲ್ಲಿ ಕೂತಿದ್ದ. ಈಗ ಜೈಲಲ್ಲಿದ್ದಾನೆ. ಸರ್ಕಾರ ಕೊಟ್ಟ ವಕೀಲರು ಅವನ ಹೆಸರನ್ನೂ ಸರಿಯಾಗಿ ಹೇಳ್ಲಿಲ್ಲ, ಡೆಸ್ಮಂಡ್. ಅವತ್ತೇ ನಾನು ವಕೀಲೆ ಆಗ್ಬೇಕು ಅಂದ್ಕೊಂಡೆ. ಆದ್ರೆ ಇಲ್ಲಿಗೆ ಬಂದ್ಮೇಲೆ... ಅವನೇ ಇಲ್ಲ ಅಂತ ಹೇಳ್ಕೊಂಡು ತಿರುಗ್ತಿದ್ದೀನಿ."

ಡೆಸ್ಮಂಡ್ ಏನೂ ಹೇಳಲಿಲ್ಲ. ತನ್ನ ಕೊರಳಿನ ಮಫ್ಲರ್ ಬಿಚ್ಚಿ ಅವಳ ಭುಜದ ಮೇಲೆ ಹಾಕಿದ.

ಆ ಮೌನ ಅವಳಿಗೆ ಅಂದು ಹಿತವೆನಿಸಿತ್ತು. ಮುಂದಿನ ವಾರ ಅದೇ ಮೌನ ಕೊರೆಯತೊಡಗಿತು.

ಯಾಕೆಂದರೆ ಅವಳು ಬಳಗದ ಕೋಣೆಗೆ ಕಾಲಿಟ್ಟೊಡನೆ ಎಲ್ಲರ ಮಾತೂ ಗಪ್ ಎಂದು ನಿಂತಿತು.

ಬೆಟ್ಟಿನಾ ಎದ್ದು ಬಂದಳು. "ಮಾರೆನ್... ನಿನ್ನ ಅಣ್ಣನ ವಿಷಯ ನಮಗೆ ಗೊತ್ತಾಯ್ತು. ಅವನು ಜೈಲಿಗೆ ಹೋಗಿದ್ದು ನಿನ್ನ ತಪ್ಪಲ್ಲ. ಆದ್ರೆ ಸಂದರ್ಶನದಲ್ಲಿ ಸುಳ್ಳು ಹೇಳಿದ್ದು ನಿಯಮಕ್ಕೆ ವಿರುದ್ಧ. ಶನಿವಾರ ಎಲ್ಲರೂ ಸೇರಿ ವೋಟ್ ಹಾಕ್ತೀವಿ. ನೀನು ಇರಬೇಕೋ ಬೇಡ್ವೋ ಅಂತ."

"ಯಾರು ಹೇಳಿದ್ರು?"

"ಅದನ್ನ ಹೇಳಲ್ಲ ಅಂತ ಮಾತು ಕೊಟ್ಟಿದ್ದೀವಿ."

ಮಾರೆನ್ ಮೆಲ್ಲಗೆ ತಿರುಗಿದಳು. ಇಡೀ ಜಗತ್ತಿನಲ್ಲಿ ಅವಳು ಹೇಳಿದ್ದು ಒಬ್ಬನಿಗೆ. ಒಬ್ಬನಿಗೇ!

ಡೆಸ್ಮಂಡ್ ಕಿಟಕಿಯ ಬಳಿ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

"ನೀನೇನಾ?"

"ನಾನಲ್ಲ, ಮಾರೆನ್."

"ಹಾಗಾದ್ರೆ ಯಾರು? ನಿನಗೆ ಗೊತ್ತು! ನಿನ್ನ ಮುಖನೇ ಹೇಳ್ತಿದೆ."

"ಗೊತ್ತು. ಆದ್ರೆ ಹೇಳಕ್ಕಾಗಲ್ಲ."

"ವಕೀಲ ಆಗೋಕೆ ಮುಂಚೆನೇ ನಂಬಿದವಳ ಗುಟ್ಟು ಬೀದಿಗೆ ಹಾಕಿದ್ಯಲ್ಲೋ! ಥೂ... ನಿನ್ನ ನಂಬಿದ್ನಲ್ಲ, ನನಗೆ ಬುದ್ಧಿ ಇಲ್ಲ!"

ಬಿಲ್ಲೆ ಕಿತ್ತು ಮೇಜಿನ ಮೇಲಿಟ್ಟು ಹೊರಟುಬಿಟ್ಟಳು. ಹಿಂದಿನಿಂದ ಅವನು ಕೂಗಲೂ ಇಲ್ಲ. ನಿರಪರಾಧಿ ಆಗಿದ್ದರೆ ಕೂಗಬೇಕಿತ್ತಲ್ಲ! ಊರಿನ ಬಸ್ಸು ಹತ್ತಿದವಳು ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕಿದಳು.

ಡುಲೂತ್‌ನ ಮನೆಯ ಬಾಗಿಲು ತಟ್ಟಿದಳು.

ಬಾಗಿಲು ತೆರೆದವನು ಗುನ್ನಾರ್.

"ಅಣ್ಣಾ...! ನೀನು... ವಸಂತಕ್ಕೆ ಬಿಡ್ತೀವಿ ಅಂದಿದ್ರಲ್ಲ?"

"ನಡತೆ ಚೆನ್ನಾಗಿದೆ ಅಂತ ಮುಂಚೆನೇ ಬಿಟ್ರು ಕಣೇ. ನಂಬ್ತೀಯಾ? ನನ್ನ ನಡತೆ!" ಅವನು ನಗಲು ನೋಡಿದ. ತಂಗಿಯ ಕಣ್ಣು ನೋಡಿ ನಗು ಅಲ್ಲೇ ನಿಂತಿತು.

ಅವಳು ಅಳುತ್ತಾ ಎಲ್ಲ ಹೇಳಿದಳು. ಡೆಸ್ಮಂಡನ ಹೆಸರು ಬಂದಾಗ ಗುನ್ನಾರ್ ತಲೆ ಮೇಲೆ ಕೈಯಿಟ್ಟುಕೊಂಡ.

"ಅಯ್ಯೋ ಹುಚ್ಚೀ! ಅವನಲ್ಲ ಕಣೇ. ಹೇಳಿದ್ದು ನಾನು!"

"ಏನು?"

"ಬಿಟ್ಟ ದಿನ ನೇರವಾಗಿ ನಿನ್ನ ನೋಡೋಕೇ ಬಂದೆ. ನಿಮ್ಮ ಬಳಗದವರು ಚಂದಾ ಎತ್ತೋಕೆ ಪ್ಯಾನ್‌ಕೇಕ್ ಮಾಡಿ ಬಡಿಸ್ತಿದ್ದಾರೆ, ಅಲ್ಲಿ ಕೇಳು ಅಂತ ಯಾರೋ ಅಂದ್ರು. ನೀನು ಯಾವುದೋ ಪರೀಕ್ಷೆಗೆ ಹೋಗಿದ್ದೆ. ಬಾಗಿಲಲ್ಲಿದ್ದ ಹುಡುಗಿ, ಬೆಟ್ಟಿನಾನೋ ಏನೋ, ನಕ್ಕಳು. ಮಾರೆನ್‌ಗೆ ಅಣ್ಣ ಎಲ್ಲಿಂದ ಬಂದ, ಅವಳು ಒಬ್ಬಳೇ ಮಗಳಲ್ವಾ ಅಂದ್ಲು. ನಾನೊಬ್ಬ ಪೆದ್ದ... ಸುಮ್ನೆ ಹೋಗೋದು ಬಿಟ್ಟು, ಇಲ್ಲ ತಾಯಿ, ನಾನು ನಿಜವಾಗ್ಲೂ ಅಣ್ಣನೇ, ಈಗಷ್ಟೇ ಜೈಲಿಂದ ಬಂದೆ ಅಂದ್ಬಿಟ್ಟೆ. ಎಲ್ಲರ ಎದುರಿಗೇ."

ಅವನ ದನಿ ಇಳಿಯಿತು.

"ಹೇಳಿದ್ಮೇಲೆ ಗೊತ್ತಾಯ್ತು... ನನ್ನನ್ನ ಇಲ್ಲ ಅಂದಿದ್ದೀಯ ಅಂತ."

ಮಾರೆನ್ ಮುಖ ಮುಚ್ಚಿಕೊಂಡಳು. ತಪ್ಪು ಮಾಡದ ಡೆಸ್ಮಂಡನನ್ನು ಅನುಮಾನಿಸಿದವಳು ನಾನು... ಒಡಹುಟ್ಟಿದವನನ್ನೇ ಕೈಬಿಟ್ಟವಳೂ ನಾನೇ!

"ಡೆಸ್ಮಂಡ್ ಅಂದ್ಯಲ್ಲ, ಆ ಉದ್ದನೆ ಹುಡುಗನೇ ಬಂದು ನನ್ನ ಕೂರಿಸ್ದ. ಬಡಿಸ್ದ. ಬಸ್‌ಸ್ಟ್ಯಾಂಡಿಗೆ ತಂದುಬಿಟ್ಟ. ದಾರಿಯುದ್ದಕ್ಕೂ ನಿನ್ನ ವಿಷಯನೇ! ಚಿಕ್ಕವಳಿದ್ದಾಗಲೂ ಇಷ್ಟೇ ಜಗಳಗಂಟೀನಾ ಅಂತ ಕೇಳ್ದ. ಹೊರಡೋ ಮುಂಚೆ ಅಲ್ಲಿದ್ದ ಎಲ್ಲರ ಹತ್ರ ನಾನೇ ಆಣೆ ಹಾಕಿಸ್ಕೊಂಡಿದ್ದೆ. ನಾನು ಬಂದಿದ್ದೆ ಅಂತ ಅವಳಿಗೆ ಯಾರೂ ಹೇಳ್ಬೇಡಿ, ನಾಚಿಕೊಂಡು ಸಾಯ್ತಾಳೆ ಅಂದೆ."

"ಅಣ್ಣಾ, ನನ್ನ ಕ್ಷಮಿಸ್ತೀಯಾ?"

"ನಾನು ನಿನ್ನ ಬಿಟ್ಟು ಜೈಲಿಗೆ ಹೋದೆ. ನೀನು ನನ್ನ ಬಿಟ್ಟು ಕಾಲೇಜಿಗೆ ಹೋದೆ. ಸರಿಹೋಯ್ತು ಬಿಡು. ಏಳು, ಮುಖ ತೊಳ್ಕೋ."

ಶನಿವಾರ ಬೆಳಿಗ್ಗೆ ಬಳಗದ ಕೋಣೆ ತುಂಬಿತ್ತು. ಮಾರೆನ್ ಗುನ್ನಾರ್‌ನ ಕೈ ಹಿಡಿದೇ ಒಳಗೆ ಬಂದಳು.

"ಇವನು ಗುನ್ನಾರ್. ನನ್ನ ಅಣ್ಣ. ಜೈಲಲ್ಲಿದ್ದ. ನಾನು ಸುಳ್ಳು ಹೇಳಿದ್ದು ನಿಮಗೆಲ್ಲಿ ಬೇಡವಾಗ್ತೀನೋ ಅನ್ನೋ ಹೆದರಿಕೆಗೆ. ನೀವು ಏನು ತೀರ್ಮಾನ ಮಾಡಿದ್ರೂ ಸರಿ." ಅವಳು ಕಿಟಕಿಯತ್ತ ನೋಡಿದಳು. "ಇನ್ನೊಂದು ಮಾತು. ಮೊನ್ನೆ ಡೆಸ್ಮಂಡ್‌ಗೆ ಎಲ್ಲರ ಮುಂದೆ ಬೈದೆ. ಅದೂ ತಪ್ಪು. ಅದಕ್ಕೇ ಎಲ್ಲರ ಮುಂದೆ ಕ್ಷಮೆ ಕೇಳ್ತಿದ್ದೀನಿ."

ಡೆಸ್ಮಂಡ್ ತಲೆ ತಗ್ಗಿಸಿದ.

"ಸರಿ," ಬೆಟ್ಟಿನಾ ಹೇಳಿದಳು. "ಒಟ್ಟು ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಕೈ ಏಳಬೇಕು. ಮಾರೆನ್ ಇರಲಿ ಅನ್ನೋರು..."

"ಒಂದು ನಿಮಿಷ." ಡೆಸ್ಮಂಡ್ ಎದ್ದು ನಿಂತ. "ನಾನು ವೋಟ್ ಹಾಕೋ ಹಾಗಿಲ್ಲ."

"ಯಾಕೋ?"

"ನಾನು ನಿಷ್ಪಕ್ಷಪಾತಿ ಅಲ್ಲ."

"ಅಂದ್ರೆ? ಬೈದ್ಲು ಅಂತ ಸಿಟ್ಟಾ?"

"ಸಿಟ್ಟಲ್ಲ ಬೆಟ್ಟಿನಾ..." ಅವನ ಕಿವಿ ಕೆಂಪಾಯಿತು. "ಅವಳಂದ್ರೆ ನಂಗೆ ಪ್ರೀತಿ."

ಕೋಣೆ ಒಮ್ಮೆಲೇ ಹೋ ಎಂದಿತು! ಯಾರೋ ಮೇಜು ಬಡಿದರು. ಗುನ್ನಾರ್ ಎಲ್ಲರಿಗಿಂತ ಜೋರಾಗಿ ಸಿಳ್ಳೆ ಹಾಕಿದ. ಮಾರೆನ್ ನಿಂತಲ್ಲೇ ಕಲ್ಲಾದಳು.

ಗದ್ದಲ ಅಡಗಿದ ಮೇಲೆ ಕೈಗಳು ಎದ್ದವು. ಬೆಟ್ಟಿನಾ ಎಣಿಸಿದಳು. ಮತ್ತೆ ಎಣಿಸಿದಳು. ಅವಳ ಮುಖ ಸಪ್ಪಗಾಯಿತು.

"ಒಂದು ವೋಟು ಕಡಿಮೆ... ಸಾರಿ ಮಾರೆನ್. ಜನವರೀಲಿ ಮತ್ತೆ ಸಂದರ್ಶನ ಇದೆ. ಬರ್ತೀಯಲ್ವಾ?"

"ಬರ್ತೀನಿ," ಎಂದಳು ಮಾರೆನ್. ದನಿ ಗಟ್ಟಿಯಾಗಿಯೇ ಬಂತು.

ಹೊರಗೆ ಮೊದಲ ಹಿಮ ಬೀಳುತ್ತಿತ್ತು. ಗುನ್ನಾರ್ ಕಾಫಿ ತರುತ್ತೇನೆಂದು ಹೇಳಿ ಬೇಕೆಂದೇ ದೂರ ಹೋದ.

"ನೀನು ಕೈ ಎತ್ತಿದ್ರೆ ನಾನು ಈಗ ಒಳಗಿರ್ತಿದ್ದೆ," ಎಂದಳು ಮಾರೆನ್.

"ಗೊತ್ತು."

"ಪಾಪಿ! ಮೊನ್ನೆ ಅಷ್ಟು ಬೈದಾಗಲಾದ್ರೂ ಬಾಯಿ ಬಿಡಬಾರ್ದಿತ್ತಾ? ನನ್ನ ಕಳ್ಕೋಬಹುದು ಅಂತ ಹೆದರಿಕೆ ಆಗ್ಲಿಲ್ವಾ?"

"ಆಗ ನೀನು ನನ್ನವಳೇ ಆಗಿರ್ಲಿಲ್ಲ. ಕಳ್ಕೊಳ್ಳೋದು ಎಲ್ಲಿಂದ ಬಂತು?"

ಅವಳು ಅವನ ಕೋಟಿನ ಜೇಬಿಗೆ ತನ್ನ ತಣ್ಣನೆಯ ಕೈ ತೂರಿಸಿದಳು. ಒಳಗೆ ಅವನ ಬೆರಳುಗಳು ಅವಳ ಕೈಯನ್ನು ಹಿಡಿದುಕೊಂಡವು.

"ಈಗ?" ಎಂದಳು.

"ಈಗ ಹೆದರಿಕೆ ಆಗ್ತಿದೆ," ಎಂದನು ಡೆಸ್ಮಂಡ್.