ಪೀಪಿ ಸರ್ ವಿರುದ್ಧ ಒಂದು ದುಆ

"ಈ ಮನೆಯ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಇವತ್ತಿನಿಂದ ನಾನು ಸಾಕ್ಸ್ ಹಾಕೋದಿಲ್ಲ!"

ಮಂಚದ ಮೇಲೆ ನಿಂತು ಹೀಗೆ ಘೋಷಿಸಿದವಳು ಐದನೇ ಕ್ಲಾಸಿನ ಕುಕ್ಕರ್. ಒಳಗೆ ಕುದಿಯುವುದು, ಹೊರಗೆ ಕೂಗುವುದು, ಎರಡರಲ್ಲೂ ಅವಳು ಮುಂದು. ಅದಕ್ಕೇ ಮನೆಯಲ್ಲಿ ಆ ಹೆಸರು.

ಸಾಕ್ಸ್ ಹಾರಿ ಅಜ್ಜಿಯ ಮಡಿಲಿಗೆ ಬಿತ್ತು. ಅಜ್ಜಿ ಟೈಲರ್ ಅಂಗಡಿಯ ಶರ್ಟುಗಳಿಗೆ ಕಾಜಾ ಹೊಲಿಯುತ್ತಿದ್ದಳು. ಗುಂಡಿ ತೂರುವ ಆ ಪುಟ್ಟ ಕಂಡಿಯಿಂದ ಕಣ್ಣೆತ್ತದೆಯೇ ಕೇಳಿದಳು, "ನನ್ನ ಕಾಜಾ ಏನೇ ಪಾಪ ಮಾಡಿತ್ತು?"

"ಕಾಜಾ ಅಲ್ಲ ಅಜ್ಜಿ, ಪೀಪಿ ಸರ್!"

ಪೀಪಿ ಸರ್ ಅಂದರೆ ಮಾತಿಗೆ ಮೊದಲು ಪೀಪಿ ಊದುವ ಆಟದ ಮೇಷ್ಟ್ರು. ಇವತ್ತು ರಿಲೇ ಪ್ರಾಕ್ಟೀಸಿನಲ್ಲಿ ಬ್ಯಾಟನ್ ನೆಲಕ್ಕೆ ಬಿತ್ತು. ಕುಕ್ಕರ್ ಹಿಡಿಯುವ ಮೊದಲೇ ಹಿಂದಿನ ಹುಡುಗಿ ಕೈ ಬಿಟ್ಟಿದ್ದಳು. ಬೈಗುಳ ಮಾತ್ರ ಕುಕ್ಕರ್‌ಗೆ.

"'ಸರ್, ನಾನಲ್ಲ' ಅಂದ್ರೆ ಪೀ! 'ಸರ್, ಒಂದ್ನಿಮಿಷ' ಅಂದ್ರೆ ಪೀ! ಆಮೇಲೆ 'ಬಾಯ್ಮುಚ್ಚು' ಅಂದ್ರು. ನಾಳೆ ರಿಲೇಗೆ ನಾನಿಲ್ವಂತೆ! ಇನ್ನು ಸಾಕ್ಸ್ ಯಾಕೆ?"

ಅಜ್ಜಿ ಸೂಜಿ ಚುಚ್ಚಿಟ್ಟಳು. "ಅನ್ಯಾಯವೇ ಅದು. ಸರಿ, ನಿಂತಿದ್ದೀಯಲ್ಲ, ಕೂತ್ಕೋ. ಕೂತ್ರೂ ಕೋಪ ಹೋಗ್ದಿದ್ರೆ ಮಲ್ಕೋ. 'ಅಊಝು ಬಿಲ್ಲಾಹಿ ಮಿನಶ್ಶೈತಾನಿರ್ರಜೀಮ್' ಅನ್ನು. ಶೈತಾನನಿಂದ ಕಾಪಾಡು ಅಲ್ಲಾಹ್ ಅಂತ."

"ತಪ್ಪು ಮಾಡಿದ್ದು ಸರ್. ಶೈತಾನ್ ನನ್ನ ಹತ್ರ ಯಾಕ್ ಬರ್ತಾನೆ?"

"ಸರ್ ಹತ್ರ ಅವನ ಕೆಲಸ ಆಗ್ಲೇ ಮುಗಿದಿರುತ್ತಲ್ಲ."

ಕುಕ್ಕರ್ ಕೂತಳು. ಹೇಳಿದಳು. ಮಲಗಿದಳು. ಮತ್ತೆ ಹೇಳಿದಳು. ಅವಳು ಮಲಗಿದರೂ ಕೋಪ ಮಲಗಲಿಲ್ಲ.

"ಅಜ್ಜಿ, ಅನ್ಯಾಯ ಆದವರು ದುಆ ಮಾಡಿ ಏನಾದ್ರೂ ಬೇಡಿದ್ರೆ, ಅದಕ್ಕೂ ಅಲ್ಲಾಹನಿಗೂ ಮಧ್ಯೆ ಪರದೆನೇ ಇರಲ್ಲ ಅಂದಿದ್ದೆ ಅಲ್ವಾ?"

"ಹೂಂ. ಅದಕ್ಕೇ ಹುಷಾರಾಗಿ ಕೇಳ್ಬೇಕು."

ಹುಷಾರಿನ ಮಾತು ಕೇಳಿಸಿಕೊಳ್ಳಲು ಕುಕ್ಕರ್ ಅಲ್ಲಿರಲಿಲ್ಲ. ಮಹಾ ಯೋಜನೆ ಸಿದ್ಧವಾಗಿತ್ತು! ಪೀಪಿ ಸರ್ ಆ ಪೀಪಿಯನ್ನು ನುಂಗಿಬಿಡಬೇಕು. ಹೆಂಡತಿ ಹತ್ತಿರ ಟೀ ಕೇಳಿದರೂ ಪೀ! ಹೆಡ್ ಮಿಸ್ ಮುಂದೆಯೂ ಪೀ!

ವುಜೂ ಮಾಡಲು, ಅಂದರೆ ದುಆಗೆ ಮೊದಲು ಕೈಕಾಲು ಮುಖ ತೊಳೆದುಕೊಳ್ಳಲು, ಅವಳು ಬಚ್ಚಲಿಗೆ ನುಗ್ಗಿದಳು. ಅಲ್ಲಿ ತಂಗಿ ಚೋಟು. ನೆಲವೆಲ್ಲ ನೊರೆ, ಬಕೆಟ್‌ನಲ್ಲಿ ಕುಕ್ಕರ್‌ನ ಓಟದ ಶೂ!

"ನನ್ನ ಶೂ ಹಾಳ್ ಮಾಡ್ತೀಯೇನೇ?"

"ಅಕ್ಕಾ, ನಾಳೆ ಓಟಕ್ಕೆ ಅಂತ..."

"ಬಾಯ್ಮುಚ್ಚು!" ಬೆನ್ನಿಗೊಂದು ಏಟು ಬಿತ್ತು. ಚೋಟು ಅಳುತ್ತಾ ಓಡಿದಳು.

ಕುಕ್ಕರ್ ವುಜೂ ಮುಗಿಸಿ, ಹಲ್ಲು ಕಚ್ಚಿಕೊಂಡೇ ಒಳಗೆ ಬಂದಳು. ನಮಾಜಿನ ಚಾಪೆಯ ಮೇಲೆ ಆಗಲೇ ಯಾರೋ ಕೂತಿದ್ದರು. ನೊರೆ ಮೆತ್ತಿದ ಎರಡು ಪುಟ್ಟ ಕೈಗಳು ಮೇಲೆದ್ದಿದ್ದವು.

"ಏಳೇ! ನಾನು ದುಆ ಮಾಡ್ಬೇಕು."

"ನಾನೇ ಫಸ್ಟ್ ಬಂದಿದ್ದು," ಚೋಟು ಬಿಕ್ಕಿದಳು. "ನಂಗೂ ಅನ್ಯಾಯ ಆಗಿದೆ. ನಂಗೂ ಪರದೆ ಇಲ್ಲ."

ಅಜ್ಜಿ ದಾರ ಕಚ್ಚಿ ತುಂಡು ಮಾಡಿದಳು.

ಕುಕ್ಕರ್ ಪಕ್ಕದಲ್ಲೇ ಕುಕ್ಕರಿಸಿದಳು. ಸರ್ ಮೇಲಿನ ಕೋಪ ಇನ್ನೂ ಬಿಸಿಯಾಗಿಯೇ ಇತ್ತು. ಆದರೆ ಕೈ ಮೇಲೇಳಲಿಲ್ಲ. ಇವತ್ತು 'ಬಾಯ್ಮುಚ್ಚು' ಅಂದವರು ಇಬ್ಬರಾಗಿದ್ದರು.

"ಏನ್ ಕೇಳ್ದೆ ನೀನು? ನಂಗೇನಾಗ್ಲಿ ಅಂತ?"

"ಇನ್ನೂ ಕೇಳಿಲ್ಲ. ಯೋಚನೆ ಮಾಡ್ತಿದ್ದೀನಿ."

ಕುಕ್ಕರ್ ತನ್ನ ಒದ್ದೆ ದುಪಟ್ಟಾದ ತುದಿಯಿಂದ ತಂಗಿಯ ಕೈಮೇಲಿನ ನೊರೆ ಒರೆಸಿದಳು.

"ಬಚ್ಚಲಲ್ಲಿ ಏನೋ ಹೇಳ್ತಿದ್ದೆ ಅಲ್ವಾ? ಈಗ ಹೇಳು. ನಾನು ಮಧ್ಯ ಮಾತಾಡಲ್ಲ."